ಅಪಾಯ ಎಷ್ಟೆಂದು ಅಂಕಿ-ಸಂಖ್ಯೆಯೇ ಹೇಳಬೇಕೆ?

ಪರ: ಭಯಕ್ಕೂ ಒಂದು ಲೆಕ್ಕ ಬೇಕು

2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಮಗುವನ್ನು ಜೀವಂತ ಮೇಲೆತ್ತುವವರೆಗೆ ನಾಡೆಲ್ಲ ಟಿವಿ ಮುಂದೆ ಕೂತಿತ್ತು. ಮಗು ಬದುಕಿತೆಂದು ನಿಟ್ಟುಸಿರು ಬಿಟ್ಟ ನಾವೇ ಮರುದಿನ ಹೆಲ್ಮೆಟ್ ಮನೆಯಲ್ಲಿಟ್ಟು ಬೈಕ್ ಹತ್ತಿದೆವು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ ಹೆಲ್ಮೆಟ್ ಹಾಕದವರೇ ಸುಮಾರು 50 ಸಾವಿರ. ಕಣ್ಣಿಗೆ ಕಂಡದ್ದಕ್ಕಷ್ಟೇ ಹೆದರುವ ಮನಸ್ಸಿಗೆ ಇಂಥ ಅಂಕಿ ಬೇಕು.

ಎರಡನೆಯದು, ಲೆಕ್ಕ ತಪ್ಪಿದ ಭಯವೂ ಕೊಲ್ಲುತ್ತದೆ. ಅಮೆರಿಕದಲ್ಲಿ 2001ರ ವಿಮಾನ ದಾಳಿಯ ಬಳಿಕ ಅನೇಕರು ವಿಮಾನ ಬಿಟ್ಟು ಕಾರು ಹಿಡಿದರು. ಅದರಿಂದ ರಸ್ತೆಯಲ್ಲಿ ಹೆಚ್ಚುವರಿಯಾಗಿ ಸುಮಾರು 1,500 ಜನ ಸತ್ತರೆಂದು ಮನಶ್ಶಾಸ್ತ್ರಜ್ಞ ಗೆರ್ಡ್ ಗಿಗರೆಂಜರ್ ಅಂದಾಜಿಸಿದ್ದಾರೆ.

ಮೂರನೆಯದು, ಅನುದಾನ. ಯಾವ ರಸ್ತೆಯನ್ನು ಮೊದಲು ಸರಿಪಡಿಸಬೇಕೆಂಬುದಕ್ಕೆ ಶಾಸಕರ ಊರಿಗಿಂತ ಸಾವಿನ ಪಟ್ಟಿ ಒಳ್ಳೆಯ ಆಧಾರ.

ಅಂಕಿಯೇ ಅರೆಬರೆ, ಉದಾಹರಣೆಗೆ ಕಾರ್ಖಾನೆ ಅಪಘಾತದ ಸರ್ಕಾರಿ ಲೆಕ್ಕ ನೋಂದಾಯಿತ ಕಾರ್ಖಾನೆಗಳದ್ದು ಮಾತ್ರ ಎಂಬ ಆಕ್ಷೇಪವಿದೆ. ನಿಜ. ಹೊಲದ ಯಂತ್ರ, ಸಣ್ಣ ಗಿರಣಿ, ಬೋರ್ ಕೊರೆಯುವವರು ಯಾರೂ ಅಲ್ಲಿಲ್ಲ. ಅಂದರೆ ನಮ್ಮ ಭಾಗದ ಬಹುಪಾಲು ದುಡಿಮೆಯೇ ಅಲ್ಲಿಲ್ಲ. ಆದರೂ ಇರುವ ಲೆಕ್ಕವನ್ನು ಬಿಡಲಾಗದು.

ವಿರೋಧ: ಇನ್ನೂ ನಾಲ್ಕು ಹೆಣ ಬೇಕಂತೆ

ಹೆದ್ದಾರಿಯ ‘ಬ್ಲ್ಯಾಕ್ ಸ್ಪಾಟ್’ ಹೇಗೆ ಹುಟ್ಟುತ್ತದೆ ಗೊತ್ತೆ? ಸುಮಾರು 500 ಮೀಟರ್ ರಸ್ತೆಯಲ್ಲಿ ಮೂರು ವರ್ಷದೊಳಗೆ ಸಾವು ಇಲ್ಲವೆ ತೀವ್ರ ಗಾಯದ 5 ಅಪಘಾತವಾಗಬೇಕು, ಅಥವಾ 10 ಜನ ಸಾಯಬೇಕು. 2025ರ ಮೇ 21ರಂದು ಬಸವನಬಾಗೇವಾಡಿ ತಾಲ್ಲೂಕಿನ ಮನಗೂಳಿ ಬಳಿ ಒಂದೇ ಅಪಘಾತದಲ್ಲಿ ಆರು ಜನ ಹೋದರು. ಆ ದುರಂತವೊಂದನ್ನೇ ಹಿಡಿದರೆ ಜಾಗ ಕಪ್ಪಾಗಲು ಇನ್ನೂ ನಾಲ್ಕು ಕಡಿಮೆ! ಇದಕ್ಕೆ ವೈಜ್ಞಾನಿಕ ವಿಧಾನ ಅನ್ನಬೇಕಂತೆ.

ಇನ್ನು ಕಬ್ಬಿನ ಹಂಗಾಮು. ಇಂಡಿ, ಸಿಂದಗಿ, ಮುದ್ದೇಬಿಹಾಳದ ದಾರಿಗಳಲ್ಲಿ ರಾತ್ರಿ ಓಡಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಜೋಡಿ ಟ್ರೇಲರ್, ಎರಡೂ ಮಗ್ಗುಲಿಗೆ ಚಾಚಿದ ಕಬ್ಬು, ಹಿಂದೆ ದೀಪವಿಲ್ಲ. ರಿಫ್ಲೆಕ್ಟರ್ ಇದ್ದರೆ ಅದಕ್ಕೆ ಧೂಳು ಮೆತ್ತಿರುತ್ತದೆ. ಟ್ರ್ಯಾಕ್ಟರಿನ ಹಾಡಿನ ಅಬ್ಬರದಲ್ಲಿ ನಿಮ್ಮ ಹಾರ್ನ್ ಯಾರಿಗೆ ಕೇಳಬೇಕು? ಆಕ್ಸಲ್ ಮುರಿಯಿತೋ, ನಡುರಸ್ತೆಯಲ್ಲೇ ಬಿಟ್ಟು, ಹಿಂದೆ ನಾಲ್ಕು ಕಲ್ಲಿಟ್ಟು, ಮೆಕ್ಯಾನಿಕ್ ಹುಡುಕಿಕೊಂಡು ಹೋಗುತ್ತಾರೆ. ಅದಕ್ಕೆ ಬೈಕ್ ಬಡಿಯುವುದು ಇವತ್ತು ಹಳ್ಳದ ಸೇತುವೆ ಹತ್ತಿರ, ನಾಳೆ ಮೂರು ಹರದಾರಿ ಆಚೆ. ಅಪಾಯವೇ ಟ್ರೇಲರಿನ ಬೆನ್ನಿಗಂಟಿ ಊರೂರು ತಿರುಗುತ್ತದೆ. ಜಾಗ ಎಣಿಸುವ ಪಟ್ಟಿಗೆ ಅದು ಹೇಗೆ ಸಿಕ್ಕೀತು? ಪಟ್ಟಿಗೆ ಸಿಗದ್ದು ಇಲ್ಲವೇ ಇಲ್ಲವೆಂಬುದು ಕಚೇರಿಗಳ ನಂಬಿಕೆ.

ರಸ್ತೆಯಾಚೆಗೂ ಅದೇ ಕಥೆ. 2023ರ ಡಿಸೆಂಬರ್‌ನಲ್ಲಿ ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದಲ್ಲಿ ಮೆಕ್ಕೆಜೋಳದ ರಾಶಿಯಡಿ ಸಿಲುಕಿ ಬಿಹಾರದ ಏಳು ಕಾರ್ಮಿಕರು ಸತ್ತರು. ಹಿಂದಿನ ದಿನದ ಯಾವ ಕೋಷ್ಟಕ ಎಚ್ಚರಿಸಿತ್ತು? ಚೀಲ ಹೊರುವವರನ್ನು ಕೇಳಬೇಕಿತ್ತು.

ಹಾಗಾದರೆ ಅಂಕಿಯೇ ಬೇಡವೆ ಅನ್ನುವವರಿದ್ದಾರೆ. ಬೇಕು, ಆದರೆ ಸಾವಿಗೆ ಮೊದಲಿನದು. ಹಿಂಬದಿ ದೀಪವಿಲ್ಲದ ಟ್ರೇಲರ್ ಎಷ್ಟೆಂದು ಹಂಗಾಮಿನ ಮೊದಲ ವಾರವೇ ಸಕ್ಕರೆ ಕಾರ್ಖಾನೆಯ ಕಾಟಾದ ಮೇಲೆ ಎಣಿಸಲಿ, ಆ ಅಂಕಿಯನ್ನು ನಾನೂ ಒಪ್ಪುತ್ತೇನೆ. ದೀಪ ಹಾಕಿಸಿಕೊಂಡು ಬಂದ ಮೇಲೆಯೇ ಕಬ್ಬು ಇಳಿಸಿಕೊಳ್ಳಲಿ.