ಕೊನೆಯ ಮನೆಯೂ ನಕ್ಷೆಯಲ್ಲಿರಲಿ

ಕಳೆದ ಜುಲೈನ ಒಂದು ರಾತ್ರಿ. ಹೊರಗೆ ಧೋ ಎಂದು ಮಳೆ. ಊಟ ಮುಗಿಸಿ ಕೈ ತೊಳೆಯಲು ಎದ್ದ ದೊಡ್ಡಪ್ಪನ ಬಾಯಿ ಒಂದು ಕಡೆಗೆ ವಾಲಿತು. ಬಲಗೈ ಎತ್ತಲು ಆಗಲಿಲ್ಲ. ಪಾರ್ಶ್ವವಾಯು ಇರಬಹುದು ಎಂದು ಹೆದರಿ ನಾನು ಆಂಬ್ಯುಲೆನ್ಸ್‌ಗೆ ಕರೆ ಮಾಡಿದೆ, ಫೋನಿನಿಂದ ಲೊಕೇಶನ್ ಕೂಡ ಕಳುಹಿಸಿದೆ. ಸ್ವಲ್ಪ ಹೊತ್ತಿಗೆ ಚಾಲಕರ ಕರೆ ಬಂತು: “ಮಾರಾಯ್ರೆ, ಮ್ಯಾಪ್ ಇಲ್ಲಿಗೇ ತೋರಿಸ್ತಾ ಉಂಟು. ಎದುರು ಬರೀ ಕಾಲುಸಂಕ ಉಂಟು. ಗಾಡಿ ಹೇಗೆ ತರುವುದು?”

ಅವರು ತೋಡಿನ ಆಚೆ ದಡದಲ್ಲಿದ್ದರು. ಗಾಡಿಯ ಲೈಟು ನಮ್ಮ ಅಂಗಳಕ್ಕೆ ಕಾಣುತ್ತಿತ್ತು. ತಿರುಗಿಸಲು ಜಾಗವಿಲ್ಲದೆ ಹಿಮ್ಮುಖವಾಗಿ ಹೋಗಿ, ಮುಖ್ಯರಸ್ತೆಗೆ ಮರಳಿ, ಪಕ್ಕದ ಮನೆಯ ಅಣ್ಣ ಬೈಕಿನಲ್ಲಿ ಮುಂದೆ ಹೋಗಿ ದಾರಿ ತೋರಿಸಿ, ಗುಡ್ಡೆಯ ಕಡೆಯಿಂದ ಇಳಿದು ನಮ್ಮ ಮನೆ ತಲುಪುವಾಗ 25 ನಿಮಿಷ ಕಳೆದಿತ್ತು.

ದೊಡ್ಡಪ್ಪ ಬದುಕಿದ್ದಾರೆ. ಬಲಗೈ ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ. ಅದಕ್ಕೆ ಆ 25 ನಿಮಿಷ ಕಾರಣವೋ ಅಲ್ಲವೋ ಯಾರೂ ಹೇಳಲಾರರು. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದರಲ್ಲೂ ಬೇಗ ಕೊಟ್ಟಷ್ಟು ಒಳ್ಳೆಯದು ಎಂಬುದಷ್ಟೇ ನನಗೆ ಆಮೇಲೆ ತಿಳಿದದ್ದು. ಚಾಲಕರದ್ದು ತಪ್ಪಿಲ್ಲ. ಅವರ ಕೈಯಲ್ಲಿದ್ದ ನಕ್ಷೆಗೆ ಕಾಲುಸಂಕಕ್ಕೂ ಸೇತುವೆಗೂ ವ್ಯತ್ಯಾಸ ಗೊತ್ತಿರಲಿಲ್ಲ. ಅದನ್ನು ಆ ನಕ್ಷೆಗೆ ತಿಳಿಸಬೇಕಾದವರು ಯಾರು?

ಕಾರ್ಕಳದಲ್ಲಿ ಪದವಿ ಓದುತ್ತಿರುವ ನಾನು ಜಿಐಎಸ್, ಅಂದರೆ ಭೌಗೋಳಿಕ ಮಾಹಿತಿ ವ್ಯವಸ್ಥೆಯ ಬಗ್ಗೆ ಹುಡುಕಾಡಿ ಓದಲು ಶುರು ಮಾಡಿದ್ದು ಈ ಪ್ರಶ್ನೆಯಿಂದ.

ಹಾಳೆಯ ಮೇಲೆ ಹಾಳೆ

ಜಿಐಎಸ್ ಎಂದರೆ ಬರೀ ಮೊಬೈಲ್ ಮ್ಯಾಪ್ ಅಲ್ಲ. ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ ಕಲ್ಪಿಸಿಕೊಳ್ಳಿ. ಒಂದರಲ್ಲಿ ರಸ್ತೆ, ಇನ್ನೊಂದರಲ್ಲಿ ಹೊಳೆ–ತೋಡು, ಮತ್ತೊಂದರಲ್ಲಿ ಮನೆ, ಆಸ್ಪತ್ರೆ, ಶಾಲೆ, ಮಗದೊಂದರಲ್ಲಿ ಈ ಹೊತ್ತು ಬಿದ್ದ ಮಳೆ. ಎಲ್ಲವನ್ನೂ ಸೇರಿಸಿ ಪ್ರಶ್ನೆ ಕೇಳಬಹುದು. ‘ಈ ಮನೆಗೆ ಹತ್ತಿರದ ಆಂಬ್ಯುಲೆನ್ಸ್ ಯಾವುದು?’ ಎಂದರೆ ಅದು ಹಕ್ಕಿ ಹಾರುವ ದೂರ ನೋಡುವುದಿಲ್ಲ, ರಸ್ತೆಯಲ್ಲಿ ತಗಲುವ ಸಮಯ ಲೆಕ್ಕ ಹಾಕುತ್ತದೆ. ಆದರೆ ರಸ್ತೆಯ ಹಾಳೆಯಲ್ಲೇ ತಪ್ಪಿದ್ದರೆ ಉತ್ತರವೂ ತಪ್ಪು.

ನಮ್ಮ ರಾಜ್ಯ ಈ ವಿಷಯದಲ್ಲಿ ಹಿಂದುಳಿದಿಲ್ಲ. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ 1986ರಿಂದಲೇ ಇದೆ. ನಾವು ನಿಂತ ಜಾಗದ ಸರ್ವೆ ನಂಬರ್ ತೋರಿಸುವ ‘ದಿಶಾಂಕ್’ ಆ್ಯಪ್ ಅದರದ್ದೇ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತ್ ಮಟ್ಟದ ಮಳೆಮಾಪಕಗಳಿಂದ 15 ನಿಮಿಷಕ್ಕೊಮ್ಮೆ ಮಾಹಿತಿ ಪಡೆಯುತ್ತದೆ. 112ಕ್ಕೆ ಕರೆ ಮಾಡಿದರೆ ಜಿಪಿಎಸ್ ಇರುವ ಹತ್ತಿರದ ಪೊಲೀಸ್ ವಾಹನಕ್ಕೆ ಸೂಚನೆ ಹೋಗುತ್ತದೆ. ಅಪಘಾತವಾದರೆ ಪೊಲೀಸರು ಸ್ಥಳದಿಂದಲೇ ವಿವರ ದಾಖಲಿಸುವ ‘ಐರಾಡ್’ ವ್ಯವಸ್ಥೆ ಬಂದಿದೆ. ಹೆದ್ದಾರಿಯ ಸುಮಾರು 500 ಮೀಟರ್ ಉದ್ದದ ಭಾಗದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ಗಂಭೀರ ಗಾಯದ 5 ಅಪಘಾತಗಳಾದರೆ, ಇಲ್ಲವೇ 10 ಮಂದಿ ಸತ್ತರೆ ಅದು ‘ಬ್ಲ್ಯಾಕ್ ಸ್ಪಾಟ್’. ‘ಆ ತಿರುವು ಸರಿಯಿಲ್ಲ’ ಎಂದು ಊರವರು ವರ್ಷಗಟ್ಟಲೆ ಹೇಳುವ ಮಾತಿಗೆ ನಕ್ಷೆ ಪುರಾವೆ ಕೊಡುತ್ತದೆ.

ಹಾಗಿದ್ದರೆ ಕೊರತೆ ಎಲ್ಲಿ? ನನ್ನ ಪ್ರಕಾರ ಕೊನೆಯ ಅರ್ಧ ಕಿಲೋಮೀಟರಿನಲ್ಲಿ.

ಹೆಸರು ಸಾಲದು, ಅಳತೆಯೂ ಬೇಕು

ಬಯಲುಸೀಮೆಯಲ್ಲಿ ಊರೆಂದರೆ ಸಾಲು ಮನೆ, ಬೀದಿ. ಅಜೆಕಾರು, ಎಣ್ಣೆಹೊಳೆ, ಮುನಿಯಾಲು, ಹೆಬ್ರಿ ಕಡೆ ಹಾಗಲ್ಲ. ಗದ್ದೆಗೊಂದು, ತೋಟಕ್ಕೊಂದು ಮನೆ. ವಿಳಾಸ ಕೇಳಿದರೆ ಮನೆಯ ಹೆಸರು ಹೇಳುತ್ತೇವೆ, ‘ಅಶ್ವತ್ಥ ಕಟ್ಟೆಯಿಂದ ಕೆಳಗೆ’ ಎನ್ನುತ್ತೇವೆ. ಊರಿನವರಿಗೆ ಅಷ್ಟು ಸಾಕು, ಹೊರಗಿನಿಂದ ಬರುವ ಚಾಲಕರಿಗೆ ಸಾಲದು.

ಹೆಸರು ಎಷ್ಟು ಗೊಂದಲ ಮಾಡಬಲ್ಲದು ಎನ್ನುವುದಕ್ಕೆ ಶಿರೂರು ಸಾಕು. 2024ರ ಜುಲೈ 16ರಂದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದದ್ದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ. ಅದೇ ಹೆದ್ದಾರಿಯಲ್ಲಿ ನಮ್ಮ ಜಿಲ್ಲೆಯ ಬೈಂದೂರು ತಾಲ್ಲೂಕಿನಲ್ಲೂ ಒಂದು ಶಿರೂರು ಇದೆ. ಹಿರಿಯಡ್ಕದ ಕಡೆ ಮಠವಿರುವ ಶಿರೂರು ಮೂರನೆಯದು. ಗಾಬರಿಯಲ್ಲಿ ಕರೆ ಮಾಡಿದವರು ‘ಶಿರೂರು’ ಎಂದಷ್ಟೇ ಹೇಳಿದರೆ ಗತಿಯೇನು?

ಅಂಕೋಲಾದ ದುರಂತ ಇನ್ನೊಂದು ಪಾಠ ಹೇಳಿತು. ಗಂಗಾವಳಿ ಹೊಳೆ ಪಾಲಾಗಿದ್ದ ಕೇರಳದ ಚಾಲಕರೊಬ್ಬರ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ಅತ್ತ ಹೆದ್ದಾರಿ ಮುಚ್ಚಿ ವಾಹನಗಳು ಸುತ್ತಿ ಬಳಸಿ ಹೋಗಬೇಕಾಯಿತು. ಕರಾವಳಿಯಲ್ಲಿ ಉತ್ತರ–ದಕ್ಷಿಣಕ್ಕೆ ಇರುವುದು ಒಂದೇ ದೊಡ್ಡ ಹೆದ್ದಾರಿ. ಘಟ್ಟ ಹತ್ತಲು ಆಗುಂಬೆ ಇದೆ, ಆದರೆ 14 ತಿರುವುಗಳ ಆ ಘಾಟಿಯಲ್ಲಿ ಮಳೆಗಾಲಕ್ಕೆ ಭಾರಿ ವಾಹನ ಬಿಡುವುದಿಲ್ಲ. ಒಂದು ಕಡೆ ಬಂದ್ ಆದರೆ ಭಾರವೆಲ್ಲ ನಮ್ಮಂಥ ಊರುಗಳ ಒಳರಸ್ತೆಗೆ ಬೀಳುತ್ತದೆ. ಆ ರಸ್ತೆಯ ಅಗಲ ಎಷ್ಟು, ಮೋರಿ ಎಷ್ಟು ಟನ್ ತಡೆಯುತ್ತದೆ, ಯಾವ ತಗ್ಗಿನಲ್ಲಿ ನೀರು ನಿಲ್ಲುತ್ತದೆ ಎಂಬುದು ಮೊದಲೇ ನಕ್ಷೆಯಲ್ಲಿ ಇರಬೇಕು. ಸಂಚಾರ ನಿರ್ವಹಣೆ ಎಂದರೆ ಬೆಂಗಳೂರಿನ ಸಿಗ್ನಲ್ ಮಾತ್ರವಲ್ಲ.

ಅಳತೆಯ ವಿಷಯವನ್ನೂ ನೋಡಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ದೇಶದ ಭೂಕುಸಿತ ಸಾಧ್ಯತೆಯ ನಕ್ಷೆಗಳನ್ನು 1:50,000 ಪ್ರಮಾಣದಲ್ಲಿ ಮಾಡಿದೆ. ಅಂದರೆ ನಕ್ಷೆಯ ಒಂದು ಸೆಂಟಿಮೀಟರ್ ನೆಲದ ಮೇಲೆ 500 ಮೀಟರ್. ಹತ್ತು ಮೀಟರ್ ಅಗಲದ ಮನೆ ಅದರಲ್ಲಿ 0.2 ಮಿಲಿಮೀಟರ್, ಪೆನ್ನಿನ ಚುಕ್ಕೆಗಿಂತ ಸಣ್ಣದು. ಯಾವ ವಲಯ ಅಪಾಯದ್ದು ಎಂದು ಆ ನಕ್ಷೆ ಹೇಳುತ್ತದೆ. ಮನೆ ಹಿಂದಿನ ಯಾವ ಧರೆ ಕಳೆದ ಮಳೆಗಾಲ ಬಿರುಕು ಬಿಟ್ಟಿತು ಎಂದು ಹೇಳಬಲ್ಲವರು ಆ ಮನೆಯವರೇ.

ಉಡುಪಿಯ ಕಲ್ಸಂಕವನ್ನೂ ನೆನಪಿಸಿಕೊಳ್ಳಿ. ರಜಾ ದಿನಗಳಲ್ಲಿ ವಾಹನ ಸಿಕ್ಕಿಕೊಳ್ಳುವ ಜಾಗ ಅದು. 2020ರ ಸೆಪ್ಟೆಂಬರ್ 20ರ ನೆರೆಯಲ್ಲಿ ಮುಳುಗಿದ್ದೂ ಅದೇ. ಪಕ್ಕದಲ್ಲೇ ಇಂದ್ರಾಣಿ ತೋಡು ಹರಿಯುತ್ತದೆ, ಹೆಸರಲ್ಲೇ ಸಂಕ ಇದೆ. ಹಿರಿಯರು ಹೆಸರಿನಲ್ಲಿ ಇಟ್ಟುಹೋದ ಮಾಹಿತಿಯನ್ನು ನಾವು ಕಂಪ್ಯೂಟರಿಗೆ ಸೇರಿಸಬೇಕಷ್ಟೆ.

ನಾವು ಮಾಡಬಹುದಾದದ್ದು

ದೀಪಾವಳಿ ರಜೆಯಲ್ಲಿ ನಾನು ಮತ್ತು ಇಬ್ಬರು ಗೆಳೆಯರು ನಮ್ಮ ವಾರ್ಡ್ ನಡೆದೆವು. ಕಾಲುಸಂಕ ಎಲ್ಲಿದೆ, ಎಲ್ಲಿವರೆಗೆ ನಾಲ್ಕು ಚಕ್ರದ ಗಾಡಿ ಹೋಗುತ್ತದೆ, ಎಲ್ಲಿ ತಿರುಗಿಸಬಹುದು ಎಂದು ಫೋನಿನಲ್ಲಿ ಗುರುತು ಮಾಡಿ, ಯಾರು ಬೇಕಾದರೂ ತಿದ್ದಬಹುದಾದ ‘ಓಪನ್ ಸ್ಟ್ರೀಟ್ ಮ್ಯಾಪ್’ಗೆ ಸೇರಿಸಿದೆವು. 2010ರ ಹೈಟಿ ಭೂಕಂಪದ ಬಳಿಕ ಸಾವಿರಾರು ಮೈಲಿ ದೂರದ ಸ್ವಯಂಸೇವಕರು ಉಪಗ್ರಹ ಚಿತ್ರ ನೋಡಿ ಅಲ್ಲಿನ ರಸ್ತೆಗಳನ್ನು ಕೆಲವೇ ದಿನಗಳಲ್ಲಿ ಬಿಡಿಸಿದ್ದು ಇದೇ ನಕ್ಷೆಯಲ್ಲಿ. ಆದರೆ ಅಡಿಕೆ ತೋಟದ ನೆರಳಿನಲ್ಲಿರುವ ಕಾಲುಸಂಕ ಉಪಗ್ರಹಕ್ಕೆ ಕಾಣುವುದಿಲ್ಲ. ಅದಕ್ಕೆ ಕಾಲ್ನಡಿಗೆಯೇ ಗತಿ.

ಅಂಚೆ ಇಲಾಖೆ 2025ರಲ್ಲಿ ತಂದ ‘ಡಿಜಿಪಿನ್’ ಕೂಡ ನಮಗೆ ಹೇಳಿ ಮಾಡಿಸಿದ್ದು. ದೇಶವನ್ನು ಸುಮಾರು 4 ಮೀಟರ್ ಚೌಕಗಳಾಗಿ ಹಂಚಿ, ಪ್ರತಿ ಚೌಕಕ್ಕೂ 10 ಅಕ್ಷರ–ಅಂಕೆಗಳ ಸಂಕೇತ ಕೊಡಲಾಗಿದೆ. ನಿಮ್ಮ ಮನೆಯ ಸಂಕೇತವನ್ನು ಬರೆದು ಬಾಗಿಲ ಹಿಂದೆ ಅಂಟಿಸಿಡಿ. ಆದರೆ ಅದು ಮನೆ ಎಲ್ಲಿದೆ ಎಂದು ಹೇಳುತ್ತದೆಯೇ ಹೊರತು ದಾರಿ ಯಾವುದು ಎಂದು ಹೇಳುವುದಿಲ್ಲ.

ಎರಡು ಎಚ್ಚರಿಕೆ ಬೇಕು. ಹಾಸಿಗೆ ಹಿಡಿದವರು, ಒಂಟಿ ವೃದ್ಧರು ಯಾವ ಮನೆಯಲ್ಲಿದ್ದಾರೆ ಎಂಬ ಮಾಹಿತಿ ತುರ್ತು ಸೇವೆಗೆ ಬೇಕು, ಆದರೆ ಅದನ್ನು ಎಲ್ಲರಿಗೂ ಕಾಣುವ ನಕ್ಷೆಗೆ ಹಾಕಬಾರದು. ಹಾಗೆಯೇ, ಮಳೆಗೆ ಕರೆಂಟು ಹೋಗಿ ಟವರ್ ನಿಂತರೆ ಯಾವ ಆ್ಯಪ್ ಕೂಡ ಇಲ್ಲ. ಪಂಚಾಯತ್ ಗೋಡೆಯಲ್ಲಿ, ಆಂಬ್ಯುಲೆನ್ಸ್ ಒಳಗೆ ಮುದ್ರಿತ ನಕ್ಷೆ ಇರಲಿ. ಪ್ರತಿ ಮೇ ತಿಂಗಳಲ್ಲಿ ಅದನ್ನು ತಿದ್ದುವ ಕೆಲಸವನ್ನು ಪಂಚಾಯತ್ ಮತ್ತು ಕಾಲೇಜುಗಳ ಎನ್ನೆಸ್ಸೆಸ್ ಘಟಕಗಳು ಸೇರಿ ವಹಿಸಿಕೊಳ್ಳಬಹುದು.

ಉದ್ಯೋಗ ಹುಡುಕುವವರಿಗೂ ಇಲ್ಲಿ ದಾರಿ ಇದೆ. 2021ರ ಫೆಬ್ರುವರಿ 15ರ ಮಾರ್ಗಸೂಚಿ ಭಾರತೀಯ ಕಂಪನಿಗಳಿಗೆ ನಕ್ಷೆ ತಯಾರಿಕೆಯ ನಿರ್ಬಂಧ ಸಡಿಲಿಸಿತು. 2022ರಲ್ಲಿ ರಾಷ್ಟ್ರೀಯ ಭೂಪ್ರಾದೇಶಿಕ ನೀತಿಯೂ ಬಂತು. ‘ಕ್ಯೂಜಿಐಎಸ್’ ಎಂಬ ತಂತ್ರಾಂಶ ಪೂರ್ತಿ ಉಚಿತ. ಇಸ್ರೊ ಅಧೀನದ ಡೆಹ್ರಾಡೂನ್‌ನ ಭಾರತೀಯ ದೂರಸಂವೇದಿ ಸಂಸ್ಥೆ ಆನ್‌ಲೈನ್‌ನಲ್ಲಿ ಉಚಿತ ಕೋರ್ಸ್‌ಗಳನ್ನು ನಡೆಸುತ್ತದೆ. ಎಂಜಿನಿಯರಿಂಗ್ ಓದಿದವರೇ ಆಗಬೇಕೆಂದಿಲ್ಲ. ಸಂದರ್ಶನದಲ್ಲಿ ‘ಏನು ಮಾಡಿದ್ದೀರಿ?’ ಎಂದು ಕೇಳಿದರೆ, ‘ನಮ್ಮೂರಿನ ನಕ್ಷೆ’ ಎಂದು ತೋರಿಸುವುದಕ್ಕಿಂತ ಒಳ್ಳೆಯ ಉತ್ತರ ಯಾವುದಿದೆ?

ನಮ್ಮ ತೋಡಿನ ಕಾಲುಸಂಕ ಈಗ ಆ ನಕ್ಷೆಯಲ್ಲಿ ‘ನಡೆದು ದಾಟಲು ಮಾತ್ರ’ ಎಂದಿದೆ. ಬೇರೆ ಕಂಪನಿಯ ಮ್ಯಾಪ್‌ಗೆ ಕಳುಹಿಸಿದ ತಿದ್ದುಪಡಿಗೆ ಇನ್ನೂ ಉತ್ತರ ಬಂದಿಲ್ಲ, ಮತ್ತೆ ಕಳುಹಿಸುತ್ತೇನೆ. ಮೊನ್ನೆ ದೊಡ್ಡಪ್ಪನಿಗೆ ನಕ್ಷೆ ತೋರಿಸಿದೆ. ಎಡಗೈಯಿಂದ ಪರದೆ ಮುಟ್ಟಿ ಅವರು ಹೇಳಿದರು: “ಆ ಗುಡ್ಡೆಯ ಮನೆಗೂ ದಾರಿ ಹಾಕಿದ್ದೀಯಾ? ಅಲ್ಲಿ ಅಜ್ಜಿ ಒಬ್ಬರೇ ಇರುವುದು.”

ಹಾಕಿರಲಿಲ್ಲ. ಬರುವ ಭಾನುವಾರ ಅಲ್ಲಿಗೆ ಹೋಗುತ್ತೇವೆ.