ಮೂರಕ್ಷರದ ಹದಿನೈದು ಬೈಟು
ಗಣಕಯಂತ್ರದ ವ್ಯವಹಾರದಲ್ಲಿ ಅತ್ಯಂತ ಕಿರಿದಾದ ಮಾನವೆನಿಸಿದ ‘ಬಿಟ್’, ಸೊನ್ನೆ ಅಥವಾ ಒಂದು ಎಂಬ ಎರಡೇ ಸ್ಥಿತಿಗಳನ್ನು ತಾಳಬಲ್ಲುದು. ಅಂಥ ಎಂಟು ಬಿಟ್‌ಗಳು ಕೂಡಿ ‘ಬೈಟ್’ ಆದಾಗ 256 ವಿಭಿನ್ನ ವಿನ್ಯಾಸಗಳಿಗೆ ಎಡೆ ದೊರೆಯುತ್ತದೆ. ಇಂಗ್ಲಿಷಿನ ಅಕ್ಷರಗಳಿಗೂ ಅಂಕಿಗಳಿಗೂ ಇದು ಧಾರಾಳವಾಗಿ ಸಾಲುವುದಾದರೂ, ಲೋಕದ ಸಮಸ್ತ ಲಿಪಿಗಳಿಗೆ ಸಾಲದೆಂಬುದನ್ನು ಮನಗಂಡೇ ತಜ್ಞರು ‘ಯೂನಿಕೋಡ್’ ಎಂಬ ಸಾರ್ವತ್ರಿಕ ಸಂಕೇತವ್ಯವಸ್ಥೆಯನ್ನು ರೂಪಿಸಿದರು. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ನಮ್ಮ ಲಿಪಿಗೂ ಸ್ಥಾನ ಲಭಿಸಿತು. ‘ಕನ್ನಡ’ ಎಂಬುದು ನಮ್ಮ ಕಣ್ಣಿಗೆ ಮೂರೇ ಅಕ್ಷರವಾಗಿ ತೋರಿದರೂ, ಯಂತ್ರವು ನಡುವಣ ಒತ್ತಕ್ಷರವನ್ನು ಒಂದು ನಕಾರ, ಅದರ ಸ್ವರವನ್ನು ನೀಗುವ ಹಲಂತಚಿಹ್ನೆ, ಮತ್ತೊಂದು ನಕಾರ ಎಂದು ಬಿಡಿಸಿಕೊಂಡು, ಒಟ್ಟು ಐದು ಸಂಕೇತಗಳನ್ನು ಎಣಿಸುತ್ತದೆ. ಅಂತರಜಾಲದಲ್ಲಿ ರೂಢವಾಗಿರುವ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೂ ಮೂರು ಬೈಟ್ ತಗಲುವುದರಿಂದ, ಆ ಪುಟ್ಟ ಪದವು 15 ಬೈಟ್‌ಗಳಷ್ಟು ಜಾಗವನ್ನು ಆಕ್ರಮಿಸುತ್ತದೆ. ಮೊಬೈಲಿನ ಎಸ್ಸೆಮ್ಮೆಸ್ಸಿನ ಲೆಕ್ಕ ಬೇರೆ: ಒಂದು ಸಂದೇಶದ ಮಿತಿ 140 ಬೈಟ್ ಆಗಿರಲಾಗಿ, ಏಳೇ ಬಿಟ್‌ಗಳಲ್ಲಿ ಅಡಗುವ ಇಂಗ್ಲಿಷ್ ಅಕ್ಷರಗಳು 160 ಹಿಡಿದರೆ, ಸಾಮಾನ್ಯವಾಗಿ ಎರಡು ಬೈಟ್ ಬೇಡುವ ಕನ್ನಡದ ಸಂಕೇತಗಳು 70 ಮಾತ್ರ ಹಿಡಿಯುತ್ತವೆ. ಆದಕಾರಣ ಮದುವೆಯ ಕರೆಯನ್ನು ಕನ್ನಡದಲ್ಲಿ ಬರೆದು ಕಳುಹಿಸಿದವರಿಗೆ ಒಂದರ ಬದಲು ಎರಡು ಸಂದೇಶಗಳ ಲೆಕ್ಕ ಬಿದ್ದರೆ, ಅದಕ್ಕೆ ಹೊಣೆ ನಮ್ಮ ಮಾತಿನ ವಿಸ್ತಾರವಲ್ಲ. ಸಂಕೇತವೊಂದಕ್ಕೆ ಎರಡು ಬೈಟ್ ಬೇಡುವ ಈ ಲೆಕ್ಕವೇ ಅದಕ್ಕೆ ಕಾರಣ.