ಕರ್ಬಲಾದ ಪದ, ಕೃಷ್ಣೆಯ ನೀರು

ಕೃಷ್ಣಾ ಭೀಮೆಯರ ನಡುವಿನ ಎರೆಹೊಲದ ಸೀಮೆ ಸಗರನಾಡು. ಇಲ್ಲಿ ಮೊಹರಂ ಬಂತೆಂದರೆ ಅಲಾಯಿ ಕುಣಿ ತೋಡುತ್ತಾರೆ, ಪೀರ ದೇವರನ್ನು ಕೂಡಿಸುತ್ತಾರೆ, ಹೆಜ್ಜೆಮೇಳ ಕಟ್ಟಿ ರಿವಾಯತ್ ಪದ ಹಾಡುತ್ತಾರೆ. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರುಗಳಲ್ಲೂ ಹಬ್ಬ ನಿಲ್ಲುವುದಿಲ್ಲ. ಪದದ ಕಥೆ 680ರದು, ಇರಾಕಿನ ಕರ್ಬಲಾದ್ದು. ಯೂಫ್ರಟಿಸ್ ನದಿ ಕಣ್ಣೆದುರಿಗೇ ಹರಿಯುತ್ತಿದ್ದರೂ ಪ್ರವಾದಿಯವರ ಮೊಮ್ಮಗ ಹುಸೇನರ ಪಾಳೆಯಕ್ಕೆ ಗುಟುಕು ನೀರು ದಕ್ಕದಂತೆ ತಡೆದ ಕಥೆ. ಎರಡು ದೊಡ್ಡ ಹೊಳೆಗಳ ನಡುವೆ ಇದ್ದೂ ತಲೆಮಾರುಗಟ್ಟಲೆ ಮುಗಿಲು ನೋಡಿಯೇ ಬಿತ್ತಿದ ಜನರಿಗೆ ಈ ಸಂಕಟವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಾಡು, ನಾಟಕ, ಕಥೆಗಳನ್ನು ಕಾಲದ ಕನ್ನಡಿ ಎನ್ನುವುದು ರೂಢಿ. ಸಗರನಾಡಿನ ಪದಗಳನ್ನು ಕೇಳಿದರೆ ಆ ಮಾತು ಸಾಲದೆನಿಸುತ್ತದೆ. ಕನ್ನಡಿ ಎದುರಿಗಿದ್ದುದನ್ನೇ ತೋರಿಸುತ್ತದೆ. ಜನ ಹಾಗಲ್ಲ, ತಮ್ಮ ಕಾಲದ ಮಾತನ್ನು ಬಹಳ ಸಲ ಇನ್ನೊಂದು ಕಾಲದ ಬಾಯಲ್ಲಿ ಆಡಿಸುತ್ತಾರೆ.

ಕೊಡೇಕಲ್ಲಿನ ಬಸವಣ್ಣನ ಕಾಲಜ್ಞಾನ ವಚನಗಳು ಇದಕ್ಕೆ ದೊಡ್ಡ ಉದಾಹರಣೆ. ಹದಿನಾರನೆಯ ಶತಮಾನದ ಈ ಸಂತ ಮಾತಾಡುವುದು ಮುಂದಿನ ದಿನಗಳ ಬಗ್ಗೆ. ಕೇಡುಗಾಲ ಬರುತ್ತದೆ, ಆಳುವವರು ಬದಲಾಗುತ್ತಾರೆ, ಕೊನೆಗೊಬ್ಬ ಧರ್ಮಿಷ್ಠ ದೊರೆ ಬಂದು ಎಲ್ಲವನ್ನೂ ಸರಿಪಡಿಸುತ್ತಾನೆ. ಭವಿಷ್ಯವೆಂದು ಓದಿದರೆ ಒಗಟಿನಂತಿರುವ ಇದೇ ಮಾತು, ಅದು ಹುಟ್ಟಿದ ಶತಮಾನದ ಎದುರಿಗಿಟ್ಟರೆ ತಾನೇ ಬಿಚ್ಚಿಕೊಳ್ಳುತ್ತದೆ. 1520ರಲ್ಲಿ ರಾಯಚೂರಿಗಾಗಿ ವಿಜಯನಗರ, ಬಿಜಾಪುರಗಳ ನಡುವೆ ಘೋರ ಯುದ್ಧ ನಡೆದಿತ್ತು. 1565ರಲ್ಲಿ ವಿಜಯನಗರದ ಪಟ್ಟಣವೇ ಹಾಳಾಯಿತು. ದಂಡು ಹಾದುಹೋದ ಹೊಲಗಳ ಒಡೆಯರು ‘ಹೀಗಾಯಿತು’ ಎಂದು ಹೇಳಲು ಅಂಜಿದ್ದನ್ನು ಕಾಲಜ್ಞಾನ ‘ಹೀಗಾಗುತ್ತದೆ’ ಎಂದು ಹೇಳಿತು. ಕೊಡೇಕಲ್ಲಿನಿಂದ ಬಹಳ ದೂರವಿಲ್ಲದ ತಿಂಥಣಿಯಲ್ಲಿ ಮೌನೇಶ್ವರನ ಭಕ್ತರು ಇವತ್ತಿಗೂ ಒಂದು ಲಕ್ಷ ಎಂಬತ್ತು ಸಾವಿರ ಪೀರರನ್ನು ಕೂಗಿ, ತಮ್ಮ ಗುರುವನ್ನು ಮೌನುದ್ದೀನನೆಂದೂ ಕರೆದು ಜಯಘೋಷ ಹಾಕುತ್ತಾರೆ. ಆದಿಲ್‌ಶಾಹಿ ಕಾಲದಲ್ಲಿ ಬಾಳಿದ ಜನ ಪರಸ್ಪರ ಹೇಗೆ ಹೊಂದಿಕೊಂಡರು ಎನ್ನುವುದಕ್ಕೆ ಯಾವ ಫರ್ಮಾನಿಗಿಂತಲೂ ಈ ಕೂಗು ಹೆಚ್ಚು ನಂಬಿಕೆಯ ಸಾಕ್ಷಿ.

ರಂಗಭೂಮಿಯಲ್ಲಂತೂ ಈ ದಾರಿ ಎಲ್ಲ ಕಡೆಯೂ ಸವೆದದ್ದೇ. 1907ರಲ್ಲಿ ಖಾಡಿಲಕರರ ಮರಾಠಿ ನಾಟಕ ‘ಕೀಚಕವಧ’ ಮಹಾಭಾರತದ ಕಥೆಯನ್ನೇ ಆಡಿತು. ನೋಡಿದವರಿಗೆ ಕೀಚಕ ಲಾರ್ಡ್ ಕರ್ಜನ್ ಆಗಿ ಕಂಡ, ಸರ್ಕಾರಕ್ಕೂ ಹಾಗೆಯೇ ಕಂಡು ನಾಟಕ ನಿಷೇಧವಾಯಿತು. 1928ರ ಬರ್ಲಿನ್ನಿನಲ್ಲಿ ನಾಟಕಕಾರ ಬ್ರೆಕ್ಟ್ ಮತ್ತು ಸಂಗೀತಗಾರ ಕುರ್ಟ್ ವೈಲ್ ತಮ್ಮ ನಗರದ ದುಡ್ಡಿನ ದರ್ಬಾರನ್ನು ಹಾಡಿಸಲು, ಸರಿಯಾಗಿ 200 ವರ್ಷ ಹಿಂದೆ ಜಾನ್ ಗೇ ಬರೆದಿದ್ದ ಲಂಡನ್ನಿನ ಕಳ್ಳರ ಕಥೆಯನ್ನು ಎತ್ತಿಕೊಂಡರು.

ಸಗರನಾಡಿನದೇ ಆದ ಸುರಪುರ ಸಂಸ್ಥಾನದ 1858ರ ದುರಂತಕ್ಕೆ ಬಂದರೆ, ತನ್ನ ಕಾಲದ ಮಾತನ್ನು ಬೇರೆ ಬಾಯಲ್ಲಿ ಆಡಿಸುವ ಈ ವೇಷದ ಇನ್ನೊಂದು ಮುಖ ಕಾಣುತ್ತದೆ. ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ನಿಂತು ಫೆಬ್ರವರಿಯಲ್ಲಿ ಸೋತ, ಹೈದರಾಬಾದಿನಲ್ಲಿ ಸೆರೆಸಿಕ್ಕ, ಶಿಕ್ಷೆಗೆ ಒಯ್ಯುವ ದಾರಿಯಲ್ಲಿ ಗುಂಡು ತಗುಲಿ ತೀರಿಕೊಂಡ. ಅವನನ್ನು ಬಾಲ್ಯದಿಂದ ಕಂಡ ಪೊಲಿಟಿಕಲ್ ಏಜೆಂಟ್ ಫಿಲಿಪ್ ಮೆಡೋಸ್ ಟೇಲರ್ ಬರೆದ ಆತ್ಮಕಥೆ 1877ರಲ್ಲಿ ಅಚ್ಚಾಯಿತು. ಬಾಲಕ ತನ್ನನ್ನು ‘ಅಪ್ಪ’ ಎಂದು ಕರೆಯುತ್ತಿದ್ದುದನ್ನು ಟೇಲರ್ ಅಕ್ಕರೆಯಿಂದ ನೆನೆಯುತ್ತಾನೆ. ಅದರೊಂದಿಗೇ, ರಾಜ ಇಪ್ಪತ್ನಾಲ್ಕನೆಯ ವಯಸ್ಸನ್ನು ದಾಟುವುದಿಲ್ಲವೆಂದು ಅವನ ಜಾತಕದಲ್ಲೇ ಬರೆದಿತ್ತು ಎಂಬ ಸಂಗತಿಯನ್ನು ಹೇಳುತ್ತಾನೆ. ಟೇಲರನ ದುಃಖ ನಿಜವೇ ಇರಬೇಕು. ಆದರೆ ರಾಜ್ಯವನ್ನೂ ರಾಜನನ್ನೂ ನುಂಗಿದ ಸರ್ಕಾರದ ಅಧಿಕಾರಿ ಗ್ರಹಗತಿಯತ್ತ ಬೊಟ್ಟು ಮಾಡಿದ್ದು ಕಂಪನಿ ಕಾಲದ ಮನಸ್ಸನ್ನು ಚೆನ್ನಾಗಿಯೇ ತೋರಿಸುತ್ತದೆ.

ಅದೇ ಹಂಗಾಮಿನಲ್ಲಿ, 1857ರ ನವೆಂಬರಿನಲ್ಲಿ, ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲಾರೆವೆಂದು ಎದ್ದರು. ಅವರ ಮೇಲಿನ ಲಾವಣಿಯಲ್ಲಿ ಜಾತಕವಿಲ್ಲ. ಹಣುಮ, ಬಾಲ, ಜಡಗ, ರಾಮರ ಹೆಸರುಗಳಿವೆ, ಸಾಹೇಬರ ದಂಡಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಊರು ಸುಡುವ ಮುನ್ನ ದೋಚಿದ ಸಾಮಾನುಗಳ ಪಟ್ಟಿಯಿದೆ. ಕೊಡಲಿ, ಹಾಲು ಮೊಸರು, ಉಪ್ಪು, ಜೀರಿಗೆ, ಬೀಸುಕಲ್ಲು, ಮಂಗಳಸೂತ್ರ. ದಂಡಿನ ದಾಖಲೆಯಲ್ಲಿ ದಂಗೆ ಅಡಗಿಸಿದ ವರದಿಯಾಗಿ ಮುಗಿಯುವ ಘಟನೆ ಇಲ್ಲಿ ಒಂದೊಂದು ಅಡುಗೆಮನೆಯನ್ನು ಬರಿದು ಮಾಡಿದ ಲೂಟಿಯಾಗಿ ಉಳಿದಿದೆ. ಕಟ್ಟಿದವ ವೀರರನ್ನು ಹೊಗಳಲು ಹೊರಟವನಾದರೂ, ಜೀರಿಗೆಯನ್ನು ಮರೆಯಲಿಲ್ಲವೆಂಬುದೇ ಆ ಹಾಡಿನ ದೊಡ್ಡತನ.

ಈ ಲಾವಣಿಯನ್ನು ಬರೆಸಿಕೊಂಡು 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚು ಹಾಕಿಸಿದವನು ಜಾನ್ ಫೇತ್‌ಫುಲ್ ಫ್ಲೀಟ್. ಅವನ ಸಂಗ್ರಹದಲ್ಲಿ ಸಂಗೊಳ್ಳಿ ರಾಯಣ್ಣನಿದ್ದಾನೆ, ಸಂಗ್ಯಾನ ಕೊಲೆಯ ಕಥೆಯಿದೆ, ಇನ್‌ಕಮ್ ಟ್ಯಾಕ್ಸ್ ಬಂದ ಸುದ್ದಿಯ ಮೇಲೂ ಒಂದು ಲಾವಣಿಯಿದೆ. 1857ರ ದಂಗೆಯ ಖರ್ಚು ತುಂಬಿಕೊಳ್ಳಲು ಸರ್ಕಾರ 1860ರಲ್ಲಿ ಹೇರಿದ ತೆರಿಗೆ ಅದು. ಫ್ಲೀಟ್ ಮುಂಬಯಿ ಪ್ರಾಂತದ ಅಧಿಕಾರಿ. ಸುರಪುರ ಅಷ್ಟರಲ್ಲಿ ನಿಜಾಮನ ಸೀಮೆಗೆ ಸೇರಿಹೋಗಿತ್ತು; ಅಲ್ಲಿನ ಪದಗಳು ಅವನ ಕೈಗೆ ಸಿಗದಿದ್ದುದಕ್ಕೆ ಅದೇ ಕಾರಣವಿರಬಹುದು.

ಇಂದಿನ ಸಗರನಾಡಿನ ಮದುವೆ ಮೆರವಣಿಗೆಯಲ್ಲಿ, ಜಾತ್ರೆಯಲ್ಲಿ, ಟ್ರ್ಯಾಕ್ಟರಿನ ಸೌಂಡ್ ಬಾಕ್ಸಿನಲ್ಲಿ ಕೇಳುವುದು ಯೂಟ್ಯೂಬಿನ ‘ಜಾನಪದ’ ಹಾಡು. ಓದಿದವರು ಇದನ್ನು ಕೇಳಿ ಮೂಗು ಮುರಿಯುತ್ತಾರೆ. ಆ ತಾತ್ಸಾರ ಸಲ್ಲದು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲಿಟ್ಟ ಕೃಷ್ಣಾ ಮೇಲ್ದಂಡೆ ಯೋಜನೆ, 1982ರ ಹೊತ್ತಿಗೆ ನಾರಾಯಣಪುರದಲ್ಲಿ ಎದ್ದ ಬಸವಸಾಗರ, ಅಲ್ಲಿಂದ ಹೊರಟ ಕಾಲುವೆ ಜೋಳದ ನಾಡಿಗೆ ಭತ್ತ ತಂದವು. ಭತ್ತದ ಬೆನ್ನಿಗೆ ಟ್ರ್ಯಾಕ್ಟರ್ ಬಂತು, ಸಾಲ ಬಂತು. ಹಾಡಿನ ಹುಡುಗ ಟ್ರ್ಯಾಕ್ಟರ್ ಡ್ರೈವರ್ ಆಗಿದ್ದರೆ ಅದರ ಹಿಂದೆ ಇಷ್ಟೆಲ್ಲ ಇದೆ. ಹುಡುಗಿ ಫೋನ್ ಎತ್ತುತ್ತಿಲ್ಲವೆಂದು ಅವನು ಅಳುವಾಗ, ಆ ಊರಿನ ಅದೆಷ್ಟೋ ಮಂದಿ ಬೆಂಗಳೂರು, ಪುಣೆ, ಮುಂಬಯಿಗಳ ಕಟ್ಟಡಗಳಲ್ಲಿ ದುಡಿಯಲು ಹೋಗಿರುತ್ತಾರೆ. ಊರಿಗೂ ಅವರಿಗೂ ನಡುವೆ ಉಳಿದಿರುವುದು ಆ ಫೋನೇ.

ಕಾಲುವೆಯ ಕೊನೆಯ ಹೊಲಗಳಿಗೆ ನೀರು ಮುಟ್ಟದ ವರ್ಷ ಮಾತ್ರ ಈ ಹಾಡುಗಳಲ್ಲಿ ಅಷ್ಟಾಗಿ ಕೇಳಿಸುವುದಿಲ್ಲ. ಆ ನೋವಿಗೆ ಹೆಜ್ಜೆಮೇಳದ ಪದವೇ ಹತ್ತಿರ. ಚಾಂದ್ರಮಾನದ ಹಬ್ಬವಾದ್ದರಿಂದ ಮೊಹರಂ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಹೀಗಾಗಿ ಕರ್ಬಲಾದ ದಾಹದ ಪದ ಒಮ್ಮೆ ಬಿರುಬೇಸಿಗೆಗೆ ಬೀಳುತ್ತದೆ, ಇನ್ನೊಮ್ಮೆ ಬಿತ್ತನೆಗೆ, ಮತ್ತೊಮ್ಮೆ ರಾಶಿಯ ದಿನಗಳಿಗೆ. ಸವಾಲು ಜವಾಬಿನಲ್ಲಿ ಒಂದು ಮೇಳದ ಪದಕ್ಕೆ ಇನ್ನೊಂದು ಮೇಳ ಎದುರುಪದ ಹಾಕುವಾಗ ಆ ವರ್ಷದ ಮಳೆ, ಆ ವರ್ಷದ ಧಾರಣೆ ಸಾಲಿನೊಳಗೆ ನುಸುಳಲು ಜಾಗವಿದೆ. ಸಗರನಾಡಿರುವ ಯಾದಗಿರಿ ಜಿಲ್ಲೆಯ ಕಾಲೇಜುಗಳ ಕನ್ನಡ ವಿಭಾಗಗಳು ಬರುವ ಮೊಹರಮ್ಮಿನ ಹತ್ತು ದಿನಗಳಲ್ಲೇ ಈ ಪದಗಳನ್ನು ದಾಖಲಿಸಲು ತೊಡಗಬಹುದು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಮಾತ್ರ ಸಾಲದು. ಯಾವ ಊರಿನ ಮೇಳ, ಪದ ಕಟ್ಟಿದವರು ಯಾರು, ಅವರ ಗುರು ಯಾರು, ಆ ವರ್ಷ ಮಳೆ ಹೇಗಿತ್ತು ಎಂಬುದನ್ನೂ ಪಕ್ಕದಲ್ಲೇ ಬರೆದಿಡಬೇಕು.